ಊಟದ ರೂಮಿನ ಗೋಡೆ ಸುಮ್ಮನಾಗಿದ್ದು ಹೀಗೆ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಮೆಂಟೇನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಊಟದ ರೂಮಿನ ಗೋಡೆಯ ಆಚೆಗೇ ಏರ್ ಕಂಪ್ರೆಸರ್, ಅಂದರೆ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಮೆಷಿನ್. ಅದು ಶುರುವಾದರೆ ಮೇಜಿನ ಮೇಲಿನ ಸ್ಟೀಲ್ ಲೋಟದಲ್ಲಿ ನೀರು ಬಳೆ ಬಳೆಯಾಗಿ ನಡುಗುತ್ತಿತ್ತು. ಎದುರಿಗೆ ಕೂತವರ ಜೊತೆ ಮಾತಾಡಲೂ ಕೂಗಬೇಕಿತ್ತು. ಬೆಳಗಿನಿಂದ ಮೆಷಿನ್ ಮುಂದೆ ನಿಂತವರ ಕಿವಿಗೆ ಅರ್ಧ ಗಂಟೆಯಾದರೂ ಬಿಡುವು ಬೇಕು ಅಲ್ವಾ?

ಮೊದಲು ಗೋಡೆಗೆ ಫೋಮ್ ಶೀಟ್ ಅಂಟಿಸಿದೆವು. ರೂಮಿನೊಳಗಿನ ಗದ್ದಲ ಸ್ವಲ್ಪ ಇಳಿಯಿತು, ಗುಂಯ್ ಅನ್ನೋದು ಮಾತ್ರ ಹಾಗೇ ಇತ್ತು. ತೆಳು ಫೋಮ್ ಕೀಚಲು ಸದ್ದನ್ನು ಹೀರುತ್ತದೆ, ಅಷ್ಟೇ. ದಪ್ಪ ಸದ್ದಿಗೆ ಅದು ಲೆಕ್ಕಕ್ಕೇ ಇಲ್ಲ.

ಆಮೇಲೆ ಉದ್ದದ ಸ್ಕ್ರೂಡ್ರೈವರ್ ತಗೊಂಡೆ. ತುದಿಯನ್ನು ಗೋಡೆಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ಒಂದೊಂದೇ ಜಾಗ ನೋಡುತ್ತಾ ಹೋದೆ. ಏರ್ ಪೈಪನ್ನು ಗೋಡೆಗೆ ಹಿಡಿದಿಡುವ ಕ್ಲಾಂಪ್ ಹತ್ತಿರ ಬಂದಾಗ ಕಂಪ್ರೆಸರ್ ಕಿವಿಯೊಳಗೇ ಓಡಿದ ಹಾಗಾಯಿತು. ಸದ್ದು ಗಾಳಿಯಲ್ಲಿ ಬರುತ್ತಿದ್ದುದು ಕಡಿಮೆ. ಪೈಪು, ನೆಲ, ಗೋಡೆ ಹಿಡಿದು ಬರುತ್ತಿದ್ದುದೇ ಜಾಸ್ತಿ.

ಭಾನುವಾರ ಮೆಷಿನ್ ನಿಲ್ಲಿಸಿ, ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು ಕೆಲಸ ಹಿಡಿದೆವು. ಕಂಪ್ರೆಸರಿನ ಕಾಲಿನ ಕೆಳಗೆ ರಬ್ಬರ್ ಪ್ಯಾಡ್ ಇಟ್ಟೆವು. ಆದರೂ ಫರಕ್ ಕಾಣಲಿಲ್ಲ. ನೋಡಿದರೆ ಕಾಲನ್ನು ನೆಲಕ್ಕೆ ಹಿಡಿದ ಬೋಲ್ಟು ಗಟ್ಟಿಯಾಗಿ ಬಿಗಿದಿತ್ತು. ರಬ್ಬರನ್ನು ದಾಟಿ ಅದರಲ್ಲೇ ನಡುಕ ನೆಲಕ್ಕೆ ಇಳಿಯುತ್ತಿತ್ತು. ಬೋಲ್ಟಿಗೂ ರಬ್ಬರ್ ಬುಷ್ (ಸುತ್ತ ಕೂರುವ ಕೊಳವೆ), ರಬ್ಬರ್ ವಾಷರ್ ಹಾಕಿದ ಮೇಲೆ ಲೋಟದ ನೀರು ಬಹುಪಾಲು ನಿಂತಿತು. ಕಂಪ್ರೆಸರಿನಿಂದ ಪೈಪಿಗೆ ಹೋಗುವ ಕಡೆ ಫ್ಲೆಕ್ಸಿಬಲ್ ಹೋಸ್ ಕೊಟ್ಟೆವು. ಅಲ್ಲಿ ಗಾಳಿ ಬಿಸಿ ಇರುತ್ತದೆ, ಆ ಬಿಸಿಗೂ ಪ್ರೆಷರಿಗೂ ತಾಳುವ ಹೋಸ್ ಮಾತ್ರ ಹಾಕಿ. ಕ್ಲಾಂಪಿನೊಳಗೆ ರಬ್ಬರ್ ಪಟ್ಟಿ ಸುತ್ತಿದೆವು. ಗೋಡೆಯಲ್ಲಿ ಪೈಪ್ ಹಾಯುವ ಕಡೆ ಸಿಮೆಂಟ್ ಕೆತ್ತಿ ಗ್ಲಾಸ್ ವೂಲ್ (ಹತ್ತಿಯಂಥ ಗಾಜಿನ ಎಳೆ) ತುಂಬಿದೆವು. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ.

ಕಂಪ್ರೆಸರಿಗೆ ಪೆಟ್ಟಿಗೆ ಕಟ್ಟಿ ಮುಚ್ಚಿಬಿಡೋಣ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ಗಾಳಿಯಾಡದಿದ್ದರೆ ಅದು ಕಾದು ಕೆಡುತ್ತದೆ.

ಫೋನಿನ ಆಪ್ ತೋರಿಸುವ ಡೆಸಿಬೆಲ್, ಅಂದರೆ ಸದ್ದಿನ ಅಳತೆ, ಪಕ್ಕಾ ಅಲ್ಲ. ಆದರೆ ಅದೇ ಫೋನನ್ನು ಅದೇ ಮೇಜಿನ ಮೇಲೆ ಇಟ್ಟರೆ ಮೊದಲಿಗೂ ಆಮೇಲಿಗೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ 12 ಇಳಿದಿತ್ತು. 10 ಇಳಿದರೇ ಕಿವಿಗೆ ಸದ್ದು ಸುಮಾರು ಅರ್ಧವಾದ ಹಾಗೆ.

ಮರುದಿನ ಊಟಕ್ಕೆ ಕೂತವರು, 'ಸಾರ್, ಈಗ ಫ್ರಿಜ್ ಸದ್ದು ಕೇಳ್ತಿದೆ' ಅಂದರು. ತುಂಬಾ ಖುಷಿಯಾಯಿತು. ನೋಡಿದೆ, ಅದರ ಹಿಂದಿನ ಒಂದು ಕಾಲು ಅಲುಗಾಡುತ್ತಿತ್ತು. ಸಮ ಮಾಡಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಟ್ಟೆ.