ಸೀನಿಯರ್‌ಗೆ ದುಡ್ಡು ಕೊಟ್ಮೇಲೇ ಅಪ್ರೆಂಟಿಸ್ ಕಲ್ತಿದ್ದು: ನನ್ನ ಅನುಭವ

"ಕಲ್ಸು ಕಲ್ಸು, ಕಲ್ತ್ಕೊಂಡು ಬೇರೆ ಕಡೆ ಹಾರ್ತಾರೆ" ಅಂತ ನಂಗೆ ಹೇಳದೇ ಇದ್ದೋರೇ ಇಲ್ಲ. ಪಾರ್ಟ್ನರ್ ಹೇಳಿದ, ಅಕೌಂಟ್ಸ್ ನೋಡೋರು ಹೇಳಿದ್ರು, ಪಕ್ಕದ ಶೆಡ್ಡಿನೋರಂತೂ ನಕ್ಕೇ ಬಿಟ್ರು. ಈಗ ನಮ್ಮ ಮಷಿನ್ ಶಾಪಲ್ಲಿ ಇರೋ 11 ಜನದಲ್ಲಿ 5 ಜನ ನಮ್ಮಲ್ಲೇ ಅಪ್ರೆಂಟಿಸ್ ಆಗಿ, ಅಂದ್ರೆ ಕೆಲ್ಸ ಕಲಿಯೋಕೆ ಬಂದೋರು, ಅದ್ರಲ್ಲಿ ಇಬ್ರು ಸಿಎನ್‌ಸಿ ಸೆಟ್ಟಿಂಗ್ (ಕಂಪ್ಯೂಟರ್ ನಡೆಸೋ ಮಷಿನ್ನಿಗೆ ಟೂಲು, ಜಾಬ್ ಹೊಂದಿಸಿ ತಯಾರ್ ಮಾಡೋದು) ಯಾರ ಸಹಾಯನೂ ಇಲ್ದೆ ಮಾಡ್ತಾರೆ. ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ.

ಮೊದಲನೇ ಬ್ಯಾಚ್ ಪೂರ್ತಿ ಎಕ್ಕುಟ್ಟೋಯ್ತು. ಮೂರು ಹುಡುಗ್ರನ್ನ ತಗೊಂಡು ಒಬ್ಬೊಬ್ಬ ಸೀನಿಯರ್ ಜೊತೆ ಬಿಟ್ಟೆ, ನೋಡ್ಕೊಂಡು ಕಲೀತಾರೆ ಅಂತ. ನಾಲ್ಕು ತಿಂಗಳಾದ್ಮೇಲೆ ನೋಡಿದ್ರೆ ಚಿಪ್ಸ್ (ಲೋಹದ ಚೂರು) ಗುಡ್ಸೋದು, ಬರ್ (ಅಂಚಲ್ಲಿ ಉಳಿಯೋ ಚೂಪು ಎಳೆ) ತೆಗ್ಯೋದು, ಲೋಡ್ ಅನ್‌ಲೋಡ್ ಮಾಡೋದು ಇಷ್ಟೇ ಬರ್ತಿತ್ತು. ಒಬ್ಬ ಹೇಳದೆ ಕೇಳದೆ ಬಿಟ್ಟು ಹೋದ. ಸ್ಟೈಪೆಂಡು, ಶೂ, ಕನ್ನಡಕ, ಮುರಿದ ಇನ್ಸರ್ಟು (ಲೋಹ ಕತ್ತರಿಸೋ ಟೂಲಿನ ತುದಿ) ಎಲ್ಲಾ ಸೇರಿ ಒಬ್ಬ ಟರ್ನರ್‌ದು ಐದಾರು ತಿಂಗಳ ಸಂಬಳದಷ್ಟು ನೀರಲ್ಲಿ ಹೋಮ ಆಯ್ತು. ನಾನು ಹುಡುಗ್ರನ್ನೇ ಬೈಕೊಂಡು ಓಡಾಡ್ತಿದ್ದೆ, ಒಂದಿನ ನಮ್ಮ ಹಳೇ ಟರ್ನರ್ (ಲೇತ್ ನಡೆಸೋರು) ನೇರವಾಗೇ ಕೇಳಿದ್ರು, "ಸರ್, ಅವ್ನಿಗೆ ಒಂದು ಗಂಟೆ ಹೇಳ್ಕೊಟ್ರೆ ನನ್ ಇನ್ಸೆಂಟಿವ್ ಹೋಗುತ್ತೆ, ಅದನ್ನ ನೀವು ಕೊಡ್ತೀರಾ?" ನನ್ನತ್ರ ಉತ್ತರ ಇರ್ಲಿಲ್ಲ. ಪೀಸ್ ಲೆಕ್ಕದಲ್ಲಿ ದುಡಿಯೋ ಮನುಷ್ಯ ಯಾಕೆ ಕಲ್ಸ್ತಾನೆ ಹೇಳಿ.

ಎರಡನೇ ಬ್ಯಾಚಿಗೆ ಅದನ್ನೇ ಮೊದ್ಲು ಸರಿ ಮಾಡ್ದೆ. ಸೀನಿಯರ್‌ಗೆ ದಿನಕ್ಕೆ ಒಂದೂವರೆ ಗಂಟೆ ಕಲಿಸೋ ಟೈಮು, ಅಷ್ಟು ಟಾರ್ಗೆಟ್ ಕಮ್ಮಿ, ಮೇಲಿಂದ ತಿಂಗಳಿಗೆ ಸಂಬಳದ ಸುಮಾರು 8% ಎಕ್ಸ್ಟ್ರಾ. ಆದ್ರೆ ಒಂದು ಷರತ್ತು, ಹುಡುಗ ಆ ತಿಂಗಳ ಟೆಸ್ಟ್ ಪೀಸನ್ನ ತಾನೇ ಮಾಡಿ ತೋರ್ಸ್ಬೇಕು, ಅಳತೆ ನಾನು ನೋಡ್ತೀನಿ, ಪಾಸಾದ್ರೆ ದುಡ್ಡು. ಪಾರ್ಟ್ನರ್ ತಲೆ ಚಚ್ಕೊಂಡ. ಎರಡೇ ತಿಂಗಳಿಗೆ ಸೀನಿಯರ್‌ಗಳೇ ಹುಡುಗ್ರನ್ನ ಕರ್ಕೊಂಡು ಬಂದು "ಇವತ್ತು ಟೆಸ್ಟ್ ತಗೋಳಿ ಸರ್" ಅನ್ನೋಕೆ ಶುರು ಮಾಡಿದ್ರು.

ಮೊದಲ ಐದು ವಾರ ಬರೀ ಫೈಲಿಂಗ್, ಅಂದ್ರೆ ಅರದಲ್ಲಿ ಲೋಹ ಉಜ್ಜೋದು. ಸಿಎನ್‌ಸಿ ಕಾಲದಲ್ಲಿ ಇದೇನು ಶಿಕ್ಷೆ ಅಂತ ಬೈಸ್ಕೊಂಡೆ, ಪರವಾಗಿಲ್ಲ. ಎಂಎಸ್ (ಮೆತ್ತನೆ ಉಕ್ಕು) ಬ್ಲಾಕ್ ಕೊಟ್ರೆ ಎಲ್ರದ್ದೂ ಮೊದಲ ವಾರ ಮಧ್ಯ ಉಬ್ಬೇ ಇರುತ್ತೆ, ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದ್ರೆ ಎರಡೂ ಅಂಚಲ್ಲಿ ಬೆಳಕು ಕಾಣುತ್ತೆ. ಫೈಲ್ ಮುಂದೆ ಹೋದಂಗೆ ಎಡಗೈ ಭಾರ ಇಳೀಬೇಕು, ಬಲಗೈದು ಏರ್ಬೇಕು, ಇದು ಬಾಯಲ್ಲಿ ನೂರ್ ಸಲ ಹೇಳಿದ್ರೂ ಬರಲ್ಲ, ಸರ್ಫೇಸ್ ಪ್ಲೇಟ್ (ಪಕ್ಕಾ ಸಪಾಟಾಗಿರೋ ಹಲಗೆ) ಮೇಲೆ ನೀಲಿ ಹಚ್ಚಿ ಉಜ್ಜಿ ಎಲ್ಲಿ ಅಂಟಿದೆ ಅಂತ ಅವನೇ ನೋಡ್ಬೇಕು. ಒಬ್ಬ ಡಿಪ್ಲೊಮಾ ಮುಗಿಸಿ ಬಂದಿದ್ದ, ಜಿ-ಕೋಡ್ (ಸಿಎನ್‌ಸಿಗೆ ಕೊಡೋ ಆಜ್ಞೆಗಳು) ಬಾಯಿಪಾಠ, ಫೈಲಿಂಗ್ ಬೇಡ ಅಂದ, ನಾನೂ ಬಿಟ್ಟೆ. ತೆಳ್ಳಗಿನ, ಟೊಳ್ಳು ಕೊಳವೆಯಂಥ ಬುಷ್‌ನ ಮೂರು ಜಾ ಚಕ್ಕಲ್ಲಿ (ಮೂರು ದವಡೆಯ ಹಿಡಿತ) ಗಟ್ಟಿಯಾಗಿ ಹಿಡಿದು ಬೋರ್ ಮಾಡ್ದ (ಒಳಗಿನ ತೂತು ಕೊರೆದ), ಚಕ್ಕಲ್ಲಿ ಇರೋವರ್ಗೂ ಅಳತೆ ಪಕ್ಕಾ, ಬಿಚ್ಚಿದ್ರೆ ರೌಂಡೇ ಇಲ್ಲ, ಮೂರು ಕಡೆ ಉಬ್ಬಿ ಕೂತಿದೆ. ಮಾರನೇ ದಿನ ಅವನೇ ಬಂದು ಬೆಂಚ್ ವೈಸ್ ಮುಂದೆ ನಿಂತ.

ಕೈ ಸುಟ್ಕೊಂಡಿದ್ದೂ ಇದೆ. ಎರಡನೇ ಬ್ಯಾಚಿನ ಒಬ್ಬ ಎಂ8 ಟ್ಯಾಪಿಂಗಿಗೆ (8 ಮಿ.ಮೀ. ಬೋಲ್ಟಿಗೆ ತೂತಿನೊಳಗೆ ಥ್ರೆಡ್ ಕೊರೆಯೋದು) 6.8 ಮಿ.ಮೀ. ಬದ್ಲು 6.5 ಡ್ರಿಲ್ ಹಾಕಿಬಿಟ್ಟ, ಕೊನೇ ಆಪರೇಷನ್ನು, ತೂತು ಚಿಕ್ಕದಾಗಿ ಟ್ಯಾಪ್ ಒಳಗೇ ಮುರೀತು. ಸ್ಪಾರ್ಕ್ ಎರೋಷನ್ನಲ್ಲಿ (ಕರೆಂಟ್ ಕಿಡಿಯಿಂದ ಲೋಹ ಸವೆಸೋದು) ತೆಗ್ಸೋಕೆ ಆ ಪಾರ್ಟಿನ ಲಾಭದ ಎರಡು ಪಟ್ಟು ಹೋಯ್ತು, ಡೆಲಿವರಿನೂ ಲೇಟ್. ಆಮೇಲೆ ನೋಡಿದ್ರೆ ರ‍್ಯಾಕಲ್ಲಿ 6.8 ಗೂಡಲ್ಲಿ 6.5 ಇಟ್ಟಿದ್ದು ಸೀನಿಯರ್ರು. ಆವತ್ತಿಂದ ರ‍್ಯಾಕ್ ನಂಬಂಗಿಲ್ಲ, ಡ್ರಿಲ್ಲನ್ನ ಕ್ಯಾಲಿಪರಲ್ಲಿ ಅಳೆದೇ ಹಾಕ್ಬೇಕು, ನಾನಾದ್ರೂ ಅಷ್ಟೇ.

ಇನ್ನೊಂದು ತಲೆಹರಟೆ ಪ್ರಯೋಗ ಮಾಡ್ದೆ. ಒಂದೇ ಪಿನ್ನು, ಎಲ್ರೂ ಮೈಕ್ರೋಮೀಟರಲ್ಲಿ ಅಳೆದು ಚೀಟೀಲಿ ಬರೆದು ಡಬ್ಬಕ್ಕೆ ಹಾಕೋದು, ಯಾರಿಗೂ ತೋರಿಸಂಗಿಲ್ಲ. ಹುಡುಗ್ರದ್ದು ಹೆಚ್ಚುಕಮ್ಮಿ ಒಂದೇ ಬಂತು, ಅತಿ ಅನುಭವಸ್ಥರದ್ದೇ 0.03 ಮಿ.ಮೀ. ಕಮ್ಮಿ! ರ‍್ಯಾಚೆಟ್ (ಜಾಸ್ತಿ ಬಿಗಿಯಾಗದಂಗೆ ತಡೆಯೋ ತುದಿ) ಬಿಟ್ಟು ಥಿಂಬಲ್ಲನ್ನೇ (ಸ್ಕೇಲ್ ಇರೋ ಹಿಡಿ) ತಿರುಗ್ಸಿ ಬಿಗೀತಿದ್ರು, ಮೇಲಿಂದ ಝೀರೋ ನೋಡಿ ಯಾವ ಕಾಲ ಆಗಿತ್ತೋ. ಒಂದು ವಾರ ಮುಖ ಗಂಟಿಕ್ಕೊಂಡಿದ್ರು, ಆದ್ರೆ ಆ ತಿಂಗಳಿಂದ ಅವ್ರ ಮಷಿನ್ನಿನ ರಿಜೆಕ್ಷನ್ ಅರ್ಧಕ್ಕರ್ಧ ಇಳೀತು.

ದುಡ್ಡಿನ ಮಾತು. ಸ್ಟೈಪೆಂಡ್ ಸೀನಿಯರ್ ಸಂಬಳದ ಮೂರನೇ ಒಂದು ಭಾಗ ಇರ್ಬೋದು, ಜೊತೆಗೆ ಸೀನಿಯರ್ ಟೈಮು, ಸ್ಕ್ರ್ಯಾಪು. ಮೊದಲ ವರ್ಷ ಪೂರ್ತಿ ಕೈಯಿಂದ ಹಾಕೋದೇ, ಹದಿನಾಲ್ಕು ಹದಿನೈದನೇ ತಿಂಗಳಿಗೆ ಲೆಕ್ಕ ಸಮ ಆಯ್ತು. ಹೊರಗಿಂದ ಸೆಟ್ಟರ್ ತಂದ್ರೆ ಒಂದೂವರೆ ಪಟ್ಟು ಸಂಬಳ ಕೇಳ್ತಾನೆ, ನಮ್ಮ ಜಾಬ್ ಅರ್ಥ ಆಗೋಕೇ ಮೂರು ತಿಂಗಳು. ಹುಡುಗ್ರಿಗೋ ಫೀಸು ಕಟ್ಟೋ ಬದ್ಲು ಮೊದಲ ತಿಂಗಳಿಂದನೇ ಕೈಗೆ ಕಾಸು, ಸಾಲ ಇಲ್ಲ. ಬಿಟ್ಟು ಹೋಗ್ತಾರೆ ಅಂದ್ರಲ್ಲ, ಹೌದು, ಎರಡನೇ ಬ್ಯಾಚಿಂದೀಚೆಗೆ ಏಳರಲ್ಲಿ ಇಬ್ರು ಹೋದ್ರು. ಹೊರಗಿಂದ ತಂದ ಸೆಟ್ಟರ್‌ಗಳಲ್ಲಿ ಒಬ್ಬನೂ ಉಳಿದಿಲ್ಲ, ಅದನ್ನ ಯಾರೂ ಲೆಕ್ಕ ಹಾಕಲ್ಲ.

ಹುಡುಗ್ರನ್ನ ಹೆಂಗೆ ಆರಿಸ್ತೀಯ ಅಂತ ಸುಮಾರ್ ಜನ ಕೇಳ್ತಾರೆ. ಒಂದು ಬೋಲ್ಟು, ಒಂದು ನಟ್ಟು, ಹತ್ತು ನಿಮಿಷದ ಟೆಸ್ಟು, ಇಷ್ಟೇ ಹೇಳ್ತೀನಿ. ಪೂರ್ತಿ ಹೇಳಿದ್ರೆ ಮುಂದಿನ ಬ್ಯಾಚ್ ಪ್ರಾಕ್ಟೀಸ್ ಮಾಡ್ಕೊಂಡೇ ಬರ್ತಾರೆ.

ಹೋದ ವಾರ ಹೊಸ ಹುಡುಗನ್ನ ಟ್ಯಾಪ್ ಮುರಿದೋನ ಜೊತೆಗೇ ಹಾಕ್ದೆ. ಅರ್ಧ ಗಂಟೆಗೆ ಟ್ಯಾಪ್ ಮುರಿದೋನೇ ನನ್ನ ಟೇಬಲ್ ಹತ್ರ ಬಂದ, "ಸರ್, ಆ ಎಂಟು ಪರ್ಸೆಂಟು ನಂಗೂ ಬರುತ್ತಲ್ವಾ?" ಮೊದ್ಲು ಅವ್ನ ಬ್ಲಾಕ್ ತೋರ್ಸು ಹೋಗೋ ಅಂದೆ.