ಉಪ್ಪುನೀರಿನಿಂದ ರಿಸೀವರ್ ಉಳಿಸಿಕೊಂಡ ಬಗೆ

ಕಾರವಾರದ ಟ್ಯಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ಓಡಿಸಿದ ಎರಡೇ ದಿನಕ್ಕೆ ನನ್ನ ರಿಮೋಟ್ ಟ್ರಕ್ಕಿನ ಸ್ಟಿಯರಿಂಗ್ ತಾನಾಗಿಯೇ ನಡುಗತೊಡಗಿತು. ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಬಿಚ್ಚಿ ನೋಡಿದರೆ ಬೆಸುಗೆಯ ಸುತ್ತ ಹಸಿರು ಕಿಲುಬು ಕಟ್ಟಿತ್ತು. ನೀರು ಆರಿದ ಮೇಲೂ ಉಳಿಯುವ ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಬರೀ ಬಿಸಿಲಿಗೆ ಇಟ್ಟರೆ ಪ್ರಯೋಜನವಿಲ್ಲ.

ಬ್ಯಾಟರಿ ಕಳಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಿಸಿ, ಬೋರ್ಡಿಗೆ ತೇವ ತಗುಲದಂತೆ ತಡೆಯುವ ಸಿಲಿಕೋನ್ ಲೇಪವನ್ನು (ಕನ್ಫಾರ್ಮಲ್ ಕೋಟಿಂಗ್) ತೆಳುವಾಗಿ ಎರಡು ಸಲ ಬಳಿದೆ. ಪ್ಲಗ್ ಕೂರುವ ಪಿನ್ನುಗಳಿಗೂ, ರಿಸೀವರನ್ನು ರಿಮೋಟಿಗೆ ಜೋಡಿಸುವ ಬೈಂಡ್ ಗುಂಡಿಗೂ ಮೊದಲೇ ಟೇಪ್ ಅಂಟಿಸಲೇಬೇಕು. ಅಲ್ಲಿ ಲೇಪ ತಗುಲಿದರೆ ಸಂಪರ್ಕವೇ ತಪ್ಪುತ್ತದೆ. ನಾನು ಕೊಂಡ ಲೇಪವು ಅತಿನೇರಳೆ ಟಾರ್ಚಿನ ಬೆಳಕಿಗೆ ನೀಲಿಯಾಗಿ ಹೊಳೆಯುವಂಥದು. ಹಾಗಾಗಿ ಚಿಪ್ಪಿನ ಕಾಲುಗಳ ನಡುವೆ ಕಪ್ಪಾಗಿ ಉಳಿದಿದ್ದ ಎರಡು ಜಾಗಗಳು ಕಣ್ಣಿಗೆ ಬಿದ್ದವು. ಸ್ಟಿಯರಿಂಗ್ ಈಗ ಸ್ಥಿರವಾಗಿದೆ. ಬೇರಿಂಗುಗಳಿಗೆ ಈ ಲೇಪ ಸಲ್ಲದು. ಅವನ್ನು ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡುತ್ತೇನೆ.