ಜಿಬೂತಿಯಲ್ಲಿ ಚಾರಣ: ಮೊದಲು ನೀರಿನ ಲೆಕ್ಕ, ಆಮೇಲೆ ದಾರಿ

ನಾಲ್ವರು ಚಾರಣಿಗರು, ಒಬ್ಬ ಚಾಲಕ, ಒಬ್ಬ ಅಫಾರ್ (ಅಲ್ಲಿನ ಸ್ಥಳೀಯ ಜನಾಂಗ) ಮಾರ್ಗದರ್ಶಿ, ಮೂರು ದಿನ. ತಲೆಗೆ ದಿನಕ್ಕೆ 10 ಲೀಟರ್‌ನಂತೆ 180 ಲೀಟರ್, ಅಂದರೆ 20 ಲೀಟರಿನ 9 ಕ್ಯಾನು. ಆಫ್ರಿಕಾದ ಪೂರ್ವ ಅಂಚಿನ ಪುಟ್ಟ ದೇಶ ಜಿಬೂತಿಯಲ್ಲಿ ಯಾವ ಚಾರಣದ ಯೋಜನೆಯನ್ನೂ ನಾನು ಈ ಸಾಲಿನಿಂದಲೇ ಶುರುಮಾಡುತ್ತೇನೆ. ಚಾಲಕ, ಮಾರ್ಗದರ್ಶಿ ಇಬ್ಬರನ್ನೂ ಲೆಕ್ಕಕ್ಕೆ ಸೇರಿಸಲು ಮರೆಯುವುದೇ ಹೊಸಬರು ಮಾಡುವ ಮೊದಲ ತಪ್ಪು.

ಆ 10 ಲೀಟರ್ ಹೀಗೆ ಹಂಚಿಹೋಗುತ್ತದೆ: ನಡೆಯುವಾಗ ಗಂಟೆಗೆ ಮುಕ್ಕಾಲು ಲೀಟರಿನಂತೆ ಆರು ಗಂಟೆಗೆ ನಾಲ್ಕೂವರೆ, ಉಳಿದ ಹೊತ್ತು ಕುಡಿಯಲು ಎರಡು, ಅಡುಗೆಗೂ ಕೈ ತೊಳೆಯಲಿಕ್ಕೂ ಒಂದೂವರೆ, ಮುಟ್ಟದೆ ಇಡಲು ಎರಡು. ಇದು ನವೆಂಬರ್‌ನಿಂದ ಫೆಬ್ರುವರಿವರೆಗಿನ ಲೆಕ್ಕ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ತಗ್ಗು ಪ್ರದೇಶದಲ್ಲಿ ಬಿಸಿ 40 ಡಿಗ್ರಿ ದಾಟುತ್ತದೆ, ಒಳನಾಡಿನಿಂದ ಖಮ್ಸೀನ್ ಎಂಬ ಒಣ ಬಿಸಿಗಾಳಿ ಬೀಸುತ್ತದೆ. ಆ ತಿಂಗಳುಗಳಿಗೆ ನಾನು ಯೋಜನೆಯನ್ನೇ ಹಾಕುವುದಿಲ್ಲ, ಯಾರು ಕೇಳಿದರೂ ಬೇಡ ಎನ್ನುತ್ತೇನೆ.

ಕ್ಯಾನು ಸೋರುವುದು ಸಾಮಾನ್ಯ. ಕಲ್ಲುದಾರಿಯ ಕುಲುಕಾಟಕ್ಕೆ ಪ್ಲಾಸ್ಟಿಕ್ ತಳ ಗಾಡಿಯ ಕಬ್ಬಿಣಕ್ಕೆ ಉಜ್ಜಿ ಸವೆಯುತ್ತದೆ. ಅಡಿಗೆ ಹಳೆಯ ರಬ್ಬರ್ ಚಾಪೆ ಹಾಸಿ, ಕ್ಯಾನುಗಳನ್ನು ಅಲುಗಾಡದಂತೆ ಬಿಗಿಯಿರಿ. ಒಂದೇ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಬೇಡಿ. ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಕಲ್ಲಿನ ಅಂಚು ಟೈರಿನ ಪಕ್ಕೆಯನ್ನೇ ಸೀಳುವುದರಿಂದ ಒಂದು ಸ್ಟೆಪ್ನಿ ಸಾಲದು, ಎರಡು ಬೇಕು. ಸಾಧ್ಯವಾದರೆ ಎರಡು ಗಾಡಿ ಮಾಡಿ, ನೀರನ್ನು ಎರಡಕ್ಕೂ ಸಮನಾಗಿ ಹಂಚಿ.

ಬರೀ ನೀರು ಕುಡಿಯುತ್ತಾ ಹೋದರೂ ಅಪಾಯವೇ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರದಿದ್ದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತವೆ. ಬಾಯಾರಿಕೆ ಎಂದುಕೊಂಡು ಇನ್ನಷ್ಟು ನೀರು ಕೊಟ್ಟರೆ ಹೆಚ್ಚುತ್ತದೆ. ಮೂರು ಲೀಟರಿಗೆ ಒಂದು ಲೀಟರ್ ಓಆರ್‌ಎಸ್ ಇರಲಿ ಎಂಬುದು ನಮ್ಮ ಕಟ್ಟುಪಾಡು. ಊರಿಂದ ಒಯ್ಯುವಾಗ ಪೊಟ್ಟಣದ ಮೇಲೆ ಓದಿಕೊಳ್ಳಿ: 20.5 ಗ್ರಾಮಿನದು ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ಕತ್ತಲಲ್ಲಿ ಅದಲುಬದಲಾಗುತ್ತದೆ. ಜೊತೆಗೆ ಉಪ್ಪುಖಾರ ಹಾಕಿದ ಹುರಿಗಡಲೆ, ಚಟ್ನಿಪುಡಿ ಕಲಸಿದ ಅವಲಕ್ಕಿ. ಅನ್ನಕ್ಕಿಂತ ಅವಲಕ್ಕಿ ಮೇಲು, ಏಕೆಂದರೆ ಅದು ಒಂದು ಲೋಟ ನೀರಿನಲ್ಲಿ ಮುಗಿಯುತ್ತದೆ.

ಇನ್ನು ಸಮಯ. ಜಿಬೂತಿ ನಗರ ಹೆಚ್ಚುಕಡಿಮೆ ನಮ್ಮ ಬಂಡೀಪುರದ ಅಕ್ಷಾಂಶದಲ್ಲೇ ಇದೆ, ಹಾಗಾಗಿ ಹಗಲಿನ ಉದ್ದ ನಮಗೆ ಗೊತ್ತಿರುವಂಥದ್ದೇ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 6.15ರ ಆಸುಪಾಸು, ಮುಳುಗುವುದು 5.50ರ ಆಸುಪಾಸು. ಹತ್ತೂವರೆಗೆ ನೆರಳಿನಡಿ ಇರಬೇಕು ಎಂದು ಇಟ್ಟುಕೊಂಡು ಹಿಂದಕ್ಕೆ ಎಣಿಸುತ್ತೇನೆ. ಮಧ್ಯಾಹ್ನ ಮೂರೂವರೆವರೆಗೆ ಯಾರೂ ಕದಲುವುದಿಲ್ಲ. ಲಾವಾ ಬಯಲಿನಲ್ಲಿ ಮರವಿಲ್ಲ, ನೆರಳನ್ನು ಹೊತ್ತೇ ಒಯ್ಯಬೇಕು: 3×4 ಮೀಟರಿನ ಟಾರ್ಪಾಲು, ಎರಡು ಕೋಲು, ಉದ್ದದ ಹಗ್ಗ. ಬಸಾಲ್ಟಿಗೆ ಗೂಟ ಇಳಿಯದು, ಹಗ್ಗವನ್ನು ಕಲ್ಲಿಗೇ ಕಟ್ಟಬೇಕು. ಚೂಪು ಅಂಚು ಹಗ್ಗವನ್ನು ಕೊಯ್ಯದಂತೆ ನಡುವೆ ಬಟ್ಟೆ ಸುತ್ತಿ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ದಾರಿ ಘುಬ್ಬೆತ್ ಕೊಲ್ಲಿಯಿಂದ ಅಸಾಲ್ ಸರೋವರದ ಕಡೆಗಿನದು. ನೇರ ಗೆರೆ ಎಳೆದರೆ ಸುಮಾರು 10 ಕಿಲೋಮೀಟರ್, ನಡುವೆ ಅರ್ದುಕೋಬಾ ಎಂಬ ಜ್ವಾಲಾಮುಖಿ. 1978ರ ನವೆಂಬರ್‌ನಲ್ಲಿ ಇಲ್ಲಿ ನೆಲ ಬಿರಿದು ಒಂದು ವಾರ ಲಾವಾ ಹರಿಯಿತು. ಆ ಹರಿವು ಇನ್ನೂ ಕಪ್ಪಗೆ, ಹುಲ್ಲುಗರಿಕೆಯಿಲ್ಲದೆ ಬಿದ್ದಿದೆ. ಹಗ್ಗ ಹೊಸೆದಂತೆ ಮಡಿಕೆ ಬಿದ್ದ ಲಾವಾದ ಮೇಲೆ ನಡೆಯಲು ಸಲೀಸು ಅನ್ನಿಸುತ್ತದೆ, ಆದರೆ ಕೆಳಗೆ ಟೊಳ್ಳಿರಬಹುದು. ಕೋಲಿನಿಂದ ತಟ್ಟಿ, ಮಡಕೆಯ ಸದ್ದು ಬಂದರೆ ಬಳಸಿ ಹೋಗಿ. ನಾಲ್ಕು ಮೀಟರ್ ಅಂತರ ಬಿಟ್ಟು ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಕಿಟ್ಟದ ರಾಶಿಯಂಥ ಲಾವಾ ಇನ್ನೊಂದು ಬಗೆ, ಅಲ್ಲಿ ಕೈಯೂರಿದರೆ ಚರ್ಮ ಸುಲಿಯುತ್ತದೆ. ತೊಗಲಿನ ಕೈಗವಸು ಕಡ್ಡಾಯ. ವೇಗ ಗಂಟೆಗೆ ಒಂದೂವರೆ ಕಿಲೋಮೀಟರ್ ಎಂದೇ ಬರೆದುಕೊಳ್ಳಿ. ಹೆಡ್‌ಲ್ಯಾಂಪ್ ಇದೆಯೆಂದು ಕತ್ತಲಲ್ಲಿ ಲಾವಾದ ಮೇಲೆ ಕಾಲಿಡಬೇಡಿ, ಬಿರುಕಿನ ಬಾಯಿ ನೆರಳಿನ ಹಾಗೇ ಕಾಣುತ್ತದೆ.

ಅಸಾಲ್ ಸಮುದ್ರಮಟ್ಟಕ್ಕಿಂತ 155 ಮೀಟರ್ ಕೆಳಗಿದೆ, ಆಫ್ರಿಕಾದ ಅತ್ಯಂತ ತಗ್ಗಿನ ಜಾಗ. ನಮ್ಮ ಬೆಟ್ಟಗಳಲ್ಲಿ ಹತ್ತುವ ಕಷ್ಟ ಬೆಳಗಿನ ತಂಪಿನಲ್ಲೇ ತೀರಿಹೋಗುತ್ತದೆ, ಇಲ್ಲಿ ಅದು ತಲೆಕೆಳಗು. ತಂಪು ಹೊತ್ತಿನಲ್ಲಿ ಇಳಿದು, ಬಿಸಿಲೇರಿದ ಮೇಲೆ ಹತ್ತಬೇಕು. ಆದ್ದರಿಂದ ಅರ್ಧ ನೀರು ಮುಗಿದಾಗ ತಿರುಗುವ ಲೆಕ್ಕ ನಡೆಯದು. ಬೆನ್ನಿನ ನೀರಿನ ಕಾಲುಭಾಗ ಮುಗಿದಲ್ಲಿಗೆ ತಿರುಗಬೇಕು. ಇದಕ್ಕಿಂತ ಒಳ್ಳೆಯ ಉಪಾಯ, ಘುಬ್ಬೆತ್ ಕಡೆಯಿಂದ ನಡೆದು, ಸರೋವರದ ದಂಡೆಗೆ ಗಾಡಿ ಬರಹೇಳುವುದು. ಆಗ ಸರೋವರದಿಂದ ವಾಪಸ್ ಹತ್ತುವ ಮಾತೇ ಇಲ್ಲ.

ದಿಕ್ಸೂಚಿಯನ್ನು ನೆಲದ ಮೇಲಿಟ್ಟು ನೋಡಬೇಡಿ. ಬಸಾಲ್ಟಿನಲ್ಲಿ ಕಾಂತಗುಣದ ಖನಿಜವಿದೆ, ಮುಳ್ಳು ಓಲಾಡುತ್ತದೆ. ಎದೆಮಟ್ಟದಲ್ಲಿ ಹಿಡಿದು, ಹತ್ತು ಹೆಜ್ಜೆ ಸರಿದು ಇನ್ನೊಮ್ಮೆ ನೋಡಿ, ಎರಡೂ ಹೊಂದಿದರೆ ನಂಬಿ. ಫೋನಿನ ಆಫ್‌ಲೈನ್ ನಕ್ಷೆಯೇ ಮುಖ್ಯ, ಪವರ್‌ಬ್ಯಾಂಕ್ ನೆರಳಿನಲ್ಲಿರಲಿ. ಒಂದು ಎಚ್ಚರಿಕೆ: ಉಪಗ್ರಹ ಫೋನು, ಉಪಗ್ರಹ ಮೆಸೆಂಜರ್‌ಗಳನ್ನು ಅನುಮತಿಯಿಲ್ಲದೆ ಭಾರತದ ವಿಮಾನನಿಲ್ದಾಣಗಳ ಮೂಲಕ ಒಯ್ದರೆ ಅಪರಾಧವಾಗುತ್ತದೆ. ಅಂಥದ್ದೇನಿದ್ದರೂ ಅಲ್ಲೇ ಬಾಡಿಗೆಗೆ ಹುಡುಕಿ.

ಶೂ ವಿಷಯ. ಮೆತ್ತನೆಯ ಫೋಮ್ ಅಟ್ಟೆಯ ಓಟದ ಶೂ ಈ ಕಲ್ಲಿಗೆ ಬೇಗ ಹರಿಯುತ್ತದೆ. ಗಡಸು ರಬ್ಬರಿನ ಅಟ್ಟೆ ಬೇಕು. ಬಹಳ ದಿನ ಕಪಾಟಿನಲ್ಲಿದ್ದ ಶೂ ತರಬೇಡಿ, ಹಳೆಯ ಅಂಟು ಬಿಸಿಗೆ ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ದಪ್ಪ ಸೂಜಿ, ನೈಲಾನ್ ದಾರ, ನಾಲ್ಕು ಕೇಬಲ್ ಟೈ ಚೀಲದಲ್ಲಿರಲಿ. ಅಸಾಲ್‌ನ ಉಪ್ಪಿನ ನೀರಿಗಿಳಿಯಲು ಹಿಂದೆ ಪಟ್ಟಿಯಿರುವ ಹಳೆಯ ಚಪ್ಪಲಿ ಬೇಕು: ಉಪ್ಪಿನ ಹರಳು ಗಾಜಿನಂತೆ ಕೊಯ್ಯುತ್ತದೆ. ಸಮುದ್ರಕ್ಕಿಂತ ಸುಮಾರು ಹತ್ತು ಪಟ್ಟು ಉಪ್ಪಾದ ಆ ನೀರು ಗಾಯಕ್ಕೂ ಕಣ್ಣಿಗೂ ತಾಗಬಾರದು. ತೊಳೆದುಕೊಳ್ಳಲು ಒಬ್ಬೊಬ್ಬರಿಗೆ ಒಂದು ಲೀಟರ್ ಬೇರೆಯೇ ಇಡಿ, ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ.

ಅಬ್ಬೆ ಸರೋವರಕ್ಕೆ ದಿಖಿಲ್ ಊರಿನ ಮೇಲೆ ಹೋಗಬೇಕು. ಸಂಜೆ ತಲುಪಿ, ರಾತ್ರಿ ತಂಗಿ, ಬೆಳಗಿನ ಜಾವ ಸುಣ್ಣಕಲ್ಲಿನ ಗೋಪುರಗಳ ನಡುವೆ ನಡೆಯುವುದು ಸರಿಯಾದ ಕ್ರಮ. ಕೆಲವು ಗೋಪುರ 50 ಮೀಟರ್ ಎತ್ತರ, ಬುಡದಲ್ಲಿ ಹಬೆ. ಒಣಗಿದಂತೆ ಕಾಣುವ ದಂಡೆಯ ಪದರದಡಿ ಕೆಸರಿದೆ, ಕುದಿನೀರಿನ ಊಟೆಗಳೂ ಇವೆ. ಮಾರ್ಗದರ್ಶಿಯ ಹೆಜ್ಜೆಯ ಮೇಲೇ ಹೆಜ್ಜೆಯಿಡಿ.

ಬಿಸಿಲು ತಾಳದವರಿಗೆ ಗೋಡಾ ಬೆಟ್ಟ, ಅಲ್ಲಿನ ‘ದೇ’ ಎಂಬ ಕಾಡು. 1500 ಮೀಟರ್ ಎತ್ತರದಲ್ಲಿ ಅಸಾಲ್‌ಗಿಂತ ಹತ್ತು ಡಿಗ್ರಿಯಷ್ಟು ತಂಪು. ಉತ್ತರದ ಈ ಭಾಗದಲ್ಲಿ 1990ರ ದಶಕದ ಒಳಯುದ್ಧದಲ್ಲಿ ನೆಲಬಾಂಬು ಹೂಳಿದ್ದರು. ಆಮೇಲೆ ತೆರವು ನಡೆದಿದ್ದರೂ, ಕಾಲುದಾರಿ ಬಿಟ್ಟು ನಾನು ಹೋಗುವುದಿಲ್ಲ. ಎಲ್ಲೇ ಇದ್ದರೂ ಒಣಹಳ್ಳದಲ್ಲಿ ಡೇರೆ ಹಾಕಬೇಡಿ, ಮಳೆ ದೂರದ ಬೆಟ್ಟದಲ್ಲಿ ಬಿದ್ದರೂ ನೀರು ಇಲ್ಲಿಗೇ ನುಗ್ಗುತ್ತದೆ.

ಜೊತೆಗಾರ ಮಾತು ತಡವರಿಸಿದರೆ, ತೂರಾಡಿದರೆ ಬಿಸಿಲಾಘಾತ ಎಂದೇ ತಿಳಿಯಿರಿ, ಬೆವರುತ್ತಿದ್ದರೂ ಸರಿ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಬೀಸಿ. ಮುಟ್ಟದೆ ಇಟ್ಟ ಎರಡು ಲೀಟರ್ ಇದಕ್ಕೇ. ಕೊಲ್ಲಿಯ ದಂಡೆಯಲ್ಲಿ ಗಾಳಿ ಒದ್ದೆಯಾದ್ದರಿಂದ ನೀರು ಬೇಗ ಆರುವುದಿಲ್ಲ, ಮೈ ತಣಿಯಲು ಇನ್ನೂ ಹೆಚ್ಚು ನೀರು ಸುರಿಯಬೇಕಾಗುತ್ತದೆ.

ಮಧ್ಯಾಹ್ನ ಇಥಿಯೋಪಿಯಾದಿಂದ ಖಾತ್ ಸೊಪ್ಪು (ಜಗಿಯುವ ಉತ್ತೇಜಕ ಎಲೆ) ಬರುವ ಹೊತ್ತಿಗೆ ಊರಿನ ಕೆಲಸಗಳೆಲ್ಲ ನಿಧಾನವಾಗುತ್ತವೆ. ಗಾಡಿ, ಡೀಸೆಲ್, ಹಣದ ಮಾತು ಬೆಳಿಗ್ಗೆಯೇ ಮುಗಿಸಿ. ಬಂದರು, ಸೇನಾನೆಲೆಗಳ ಫೋಟೋ ತೆಗೆಯುವಂತಿಲ್ಲ.

ಅಫಾರ್ ಭಾಷೆಯಲ್ಲಿ ನೀರಿಗೆ ‘ಲೇ’, ಸೊಮಾಲಿಯಲ್ಲಿ ‘ಬಿಯೋ’. ದಾರಿಯುದ್ದಕ್ಕೂ ಮಕ್ಕಳು ಖಾಲಿ ಕ್ಯಾನು ಎತ್ತಿ ಹಿಡಿದು ಈ ಮಾತನ್ನೇ ಕೂಗುತ್ತಾರೆ. ಕೊನೆಯ ದಿನ ಡಾಂಬರು ರಸ್ತೆ ಸೇರಿದ ಮೇಲೆ ಉಳಿದ ನೀರನ್ನೆಲ್ಲ ಅವರ ಕ್ಯಾನಿಗೆ ಸುರಿಯಿರಿ. ಅದಕ್ಕಾಗಿ ಗಾಡಿಯಲ್ಲಿ ಒಂದು ಆಲಿಕೆ ಇಟ್ಟುಕೊಂಡಿರಿ, ಕ್ಯಾನಿನ ಬಾಯಿ ಸಣ್ಣದಿರುತ್ತದೆ.